ಹೊನ್ನೆಳೆಯ ನಿಲುವಂಗಿ

ಇಸ್ತ್ರಿ ಪೆಟ್ಟಿಗೆಯ ಬಾಯಿ ತೆಗೆದು ತೆಂಗಿನ ಚಿಪ್ಪಿನ ಕೆಂಡ ತುಂಬಿ, ಬೂದಿ ಹಾರಲೆಂದು ಅದನ್ನು ಬೀದಿ ಕಡೆಗೆ ಬೀಸುತ್ತಿದ್ದಳು ಮಂಚಮ್ಮ. ನಾಗಮಂಗಲದ ಕಡೆ ಬಾಡಿಗೆಗೆ ಹೋಗಿದ್ದ ರಾಜಪೋಷಾಕುಗಳು ಬೆವರು, ಬಣ್ಣ, ಬೀಡಿ ವಾಸನೆ ಎಲ್ಲವನ್ನೂ ಹೊತ್ತುಕೊಂಡು ವಾಪಸ್ಸು ಬಂದಿದ್ದವು. ಪಾಂಡವಪುರದ ಆ ಬೀದಿಯಲ್ಲಿ ಅವಳ ಮನೆಯ ಮುಂಗೋಣೆಯೇ ಅಂಗಡಿ. ಸುತ್ತಲ ತಾಲ್ಲೂಕುಗಳಲ್ಲಿ ಎಲ್ಲಿ ಪೌರಾಣಿಕ ನಾಟಕ ಕಟ್ಟಿದರೂ ದೊರೆಗಳ ಎದೆಕಟ್ಟು, ರಕ್ಕಸರ ಕರಿ ಅಂಗಿ, ದೇವರ ಹಳದಿ ಪಂಚೆ, ಎಲ್ಲಾ ಇಲ್ಲಿಂದಲೇ ಹೋಗಬೇಕು.

"ಮಂಚಕ್ಕ, ಇದ್ದೀಯೇನವ್ವಾ?" ಎನ್ನುತ್ತಾ ತಿಮ್ಮರಾಜು ಮೇಷ್ಟ್ರು ಬಂದರು. ಕೆ.ಆರ್. ಪೇಟೆ ಸೀಮೆಗೆಲ್ಲ ಹಾರ್ಮೋನಿಯಂ ಮೇಷ್ಟ್ರೆಂದು ಹೆಸರಾದವರು.

"ಸತ್ತೋಗಿದ್ರೆ ಇಸ್ತ್ರಿ ಯಾರು ತಿಕ್ತಿದ್ರು ಮೇಷ್ಟ್ರೇ? ಬನ್ನಿ, ಕುಂತ್ಕಳಿ."

ಮೇಷ್ಟ್ರು ಕೂರಲಿಲ್ಲ. ಕಂಕುಳಿಂದ ಸುತ್ತಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. "ಇದುವರ್ಗೂ ನೀನು ಬಟ್ಟೆ ಒಲ್ದಿಲ್ದೇ ಇರೋ ಪಾತ್ರ ಕಣಕ್ಕ. ನಾನೇ ಹುಟ್ಸಿದ್ದು. ಹೊನ್ನೆಳೆ ಅಂತ ಎಸ್ರು. ಮೂಡ್ಲು ಸಮುದ್ರದಾಚೆ ದೊರೆ ಮಗ್ಳು. ನಮ್ ಸೀಮೆ ಪಾಳೇಗಾರ್ನ ಮದ್ವೆಯಾಗಿ ಬತ್ತಾಳೆ. ಬರೋವಾಗ ಯಾರಿಗೂ ಕಾಣ್ದಂಗೆ ತುರುಬ್ನೊಳಗೆ ರೇಷ್ಮೆ ಮೊಟ್ಟೆ ಬಚ್ಚಿಟ್ಕಂಡು ಬತ್ತಾಳೆ."

"ತುರುಬ್ನೊಳಗಾ? ರೇಷ್ಮೆ ಮೊಟ್ಟೆ ಅಲ್ಲ ಮೇಷ್ಟ್ರೇ, ಹೇನಿನ ಸೀರಿರ್ಬೇಕು. ಸರಿಯಾಗಿ ನೋಡಿ."

"ನಗಾಡ್ಬ್ಯಾಡ ಕಣಕ್ಕ. ರೇಷ್ಮೆ ಬೆಳೆಗಾರ್ರ ಸಮಾವೇಶಕ್ಕೆ ಶ್ರೀರಂಗಪಟ್ಟಣದಲ್ಲಿ ಆಡ್ತಾ ಇರೋ ನಾಟ್ಕ. ಜಪಾನ್ ಸಾಹೇಬ್ರೂ ಬತ್ತಾರೆ."

ಹುಳು ಸಾಕುವ ಹೊಸ ಪದ್ಧತಿ ಹೇಳಿಕೊಡಲು ಜಪಾನಿನಿಂದ ಬಂದು, ಊರೂರಿನ ಹುಳುಮನೆ ಸುತ್ತುತ್ತಾ, ರಾಗಿಮುದ್ದೆಯನ್ನು ಅಗಿಯದೆ ನುಂಗುವುದನ್ನೂ ಕಲಿತಿದ್ದ ಆ ಸಾಹೇಬರನ್ನು ಆ ತೊಂಬತ್ತಾರನೇ ಇಸವಿಯಲ್ಲಿ ತಿಳಿಯದವರಿರಲಿಲ್ಲ. ಈ ಹಾಳೆಯೂ ಅವರ ಮನೆಯ ಹಳೇ ಕ್ಯಾಲೆಂಡರಿನದೇ. ಅದರಲ್ಲೊಬ್ಬಳು ಹೆಂಗಸು, ಆ ದೇಶದ ಅಗಲ ತೋಳಿನ ನಿಲುವಂಗಿ ತೊಟ್ಟು, ನಡುವಿಗೆ ಮೊಳದಗಲದ ಪಟ್ಟಿ ಬಿಗಿದು, ಕೊಳದ ದಂಡೆಯಲ್ಲಿ ನಿಂತಿದ್ದಳು. ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿದ್ದಳು.

"ಮುಂದ್ಗಡೆ ಎಂಗದೆ ಇದು?"

"ಇಂದ್ಗಡೆ ಇದ್ದಂಗೆ ಮುಂದ್ಗಡೆ. ನಿಂಗೊತ್ತಿಲ್ವಾ? ಭುಜಕ್ಕೆ ಎರಡು ಭುಜಕೀರ್ತಿ ಇಟ್ಬುಡು. ರಾಣಿ ಅಂದ್ಮೇಲೆ ಭುಜಕೀರ್ತಿ ಬ್ಯಾಡ್ವಾ?"

"ಈ ತೋಳಿಗೆ ಭುಜಕೀರ್ತಿ ಇಟ್ರೆ ರಾಣಿಯಾಗಲ್ಲ, ರೆಕ್ಕೆ ಬಿಚ್ಚಿದ ಕೋಳಿಯಾಯ್ತಾಳೆ. ನಂಗ್ಬುಡಿ."

ಹೊನ್ನೆಳೆಯ ಪಾತ್ರ ಸಹನಳದು. ಸಹನ ಮಂಚಮ್ಮನ ತಂಗಿ ಮಾದಮ್ಮನ ಮಗಳು. ಆ ಕೂಸು ತೊಟ್ಟಿಲಲ್ಲಿದ್ದಾಗಲೇ ಮಾದಮ್ಮ ಜ್ವರಕ್ಕೆ ಸಿಕ್ಕಿ ತೀರಿಕೊಂಡಳು. ಅಪ್ಪ ಮಹದೇವಸ್ವಾಮಿ ಕೆಲಸ ಹುಡುಕಿಕೊಂಡು ಭದ್ರಾವತಿಗೆ ಹೋದವನು ಅಲ್ಲೇ ನಿಂತ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬಟ್ಟೆ ಹಿಡಿದು ಬರುತ್ತಿದ್ದ. ಸಾಕಿ ಬೆಳೆಸಿದವಳು ಮಂಚಮ್ಮ. ಈ ವರ್ಷ ಹುಡುಗಿ ಪಿ.ಯು.ಸಿ. ಮುಗಿಸಿದಳು. ಅಪ್ಪನಿಂದ ಕಾಗದ ಬಂತು: ನನಗೆ ಕಾರ್ಖಾನೆಯವರು ಮನೆ ಕೊಟ್ಟಿದ್ದಾರೆ, ಶಿವಮೊಗ್ಗದಲ್ಲಿ ಟಿ.ಸಿ.ಎಚ್. ಓದಿ ಮೇಡಮ್ಮಾಗುವಂತೆ ಬಾ, ಬರುತ್ತೇನೆ ಎಂದು ಬರೆದರೆ ಅರ್ಜಿ ಹಾಕಿಸುತ್ತೇನೆ ಎಂದು. ಹುಡುಗಿ ಕುಣಿದಾಡಿಕೊಂಡು ಇನ್‌ಲ್ಯಾಂಡ್ ಲೆಟರಿನ ಮೂರೂ ಮಡಿಕೆ ತುಂಬುವ ಹಾಗೆ ಬರೆದು, ಅಂಟಿಸಿ, ಸಂತೆಗೆ ಹೊರಟಿದ್ದ ದೊಡ್ಡವ್ವನ ಕೈಗೆ ಕೊಟ್ಟಳು. ಡಬ್ಬಕ್ಕೆ ಹಾಕು ಎಂದಳು. ದೊಡ್ಡವ್ವ ಹಾಕಲಿಲ್ಲ. ಹೊಲಿಗೆ ಮಿಷಿನ್ನಿನ ಡ್ರಾದಲ್ಲಿ, ಗುಂಡಿ ಡಬ್ಬಿಯ ಕೆಳಗೆ ಇಟ್ಟುಬಿಟ್ಟಳು.

"ದೊಡ್ಡವ್ವ, ಪೋಸ್ಟು ಬಂತಾ? ಅಪ್ಪ ಏನಾರ ಬರ್ದವ್ರಾ?" ಹಿತ್ತಲಿಂದ ಕೈ ಒರೆಸಿಕೊಳ್ಳುತ್ತಾ ಬಂದ ಸಹನ ಕೇಳಿದಳು.

"ಇಲ್ಲ ಕಣ್ ಮಗ. ಬರೀತಾನೆ ಬುಡು, ಏನವಸ್ರ."

ಮೇಷ್ಟ್ರು ಹೋದ ಮೇಲೆ ಮಂಚಮ್ಮ ಬಟ್ಟೆಯ ಯೋಚನೆಗೆ ಬಿದ್ದಳು. ಮೂಡಲ ದೇಶದ ರಾಣಿಗೆ ಸ್ಯಾಟಿನ್ ಹೊಲಿದರೆ ಬ್ಯಾಂಡ್‌ಸೆಟ್ಟಿನವರ ಅಂಗಿಯಾಗುತ್ತದೆ. ಮಿಂಚು ಹಚ್ಚಿದರೆ ನಮ್ಮ ರಾಣಿಯೇ ಆಗಿಬಿಡುತ್ತಾಳೆ. ನಯವಾಗಿ ಬೀಳುವ ಅಪ್ಪಟ ರೇಷ್ಮೆ ಬೇಕು. ಅದು ಮನೆಯಲ್ಲಿದ್ದದ್ದು ಒಂದೇ, ಟ್ರಂಕಿನ ತಳದಲ್ಲಿ: ಮಾದಮ್ಮನ ಧಾರೆ ಸೀರೆ, ಕೆಂಪಂಚಿನ ಬಿಳಿ ಸೀರೆ.

ಅವರ ಮನೆತನದಲ್ಲೊಂದು ಪದ್ಧತಿ. ಮುತ್ತೈದೆ ಸತ್ತರೆ ಧಾರೆ ಸೀರೆಯನ್ನೇ ಉಡಿಸಿ ಮಣ್ಣಿಗೆ ಕಳಿಸಬೇಕು. ಮಾದಮ್ಮನನ್ನು ಮಾತ್ರ ಹಾಗೆ ಕಳಿಸಿರಲಿಲ್ಲ. ಸೀರೆ ಎಲ್ಲೋ, ಸಿಕ್ಕುತ್ತಿಲ್ಲ ಎಂದಿದ್ದಳು ಮಂಚಮ್ಮ. ಯಾವುದೋ ಹೊಸ ಸೀರೆ ಉಡಿಸಿದರು. ತಂಗಿಯ ಮೈಗೆ ತಾಕಿದ್ದು ಏನಾದರೂ ಒಂದು ತನಗಿರಲಿ ಎಂಬ ಆಸೆಗೆ ಸುಳ್ಳು ಹೇಳಿದ್ದು. ಅದೇ ಸೀರೆಯನ್ನು ಈಗ ಮೇಜಿನ ಮೇಲೆ ಹಾಸಿದಳು. ಮಗಳ ಮೈಮೇಲೆ ಬಂದರೆ ತಾಯಿಗೆ ಸಿಕ್ಕಿದಂತೆಯೇ ಅಲ್ಲವೇ ಎಂದುಕೊಂಡು ಕತ್ತರಿ ಹಾಕಿದಳು.

ಅಳತೆಗೆ ರವಿಕೆ ಬೇಕಲ್ಲ. ಗಿರಾಕಿಗಳು ಬಿಟ್ಟುಹೋದ ಅಳತೆ ರವಿಕೆಗಳ ಗಂಟು ಗೂಟದಲ್ಲಿ ತೂಗುತ್ತಿತ್ತು. ಅದಕ್ಕೆ ಕೈಹಾಕಿ ಸಹನಳದೆಂದು ಒಂದನ್ನು ಎಳೆದುಕೊಂಡು, ಅದರ ಭುಜ, ಎದೆ, ಬೆನ್ನು ಗುರುತು ಮಾಡಿ ಕತ್ತರಿಸಿದಳು. ಮುಂಭಾಗ ಚಿತ್ರದಲ್ಲಿರಲಿಲ್ಲವಾದ್ದರಿಂದ ಕೈಗೆ ತಿಳಿದಂತೆ ಮಾಡಿದಳು. ರವಿಕೆಯಲ್ಲಿ ಬಲಗಡೆಯ ಪಟ್ಟಿ ಎಡಗಡೆಯದರ ಮೇಲೆ ಬಂದು ಹುಕ್ಕು ಬೀಳುತ್ತದಲ್ಲ, ಹಾಗೆಯೇ ಬಲ ಮಡಿಕೆ ಮೇಲೆ, ಎಡ ಮಡಿಕೆ ಒಳಗೆ. ಸೀರೆಯ ಕೆಂಪಂಚು ಬಿಚ್ಚಿ ನಡುಪಟ್ಟಿ ಮಾಡಿದಳು. ಸಾಹೇಬರು ಕೊಟ್ಟಿದ್ದೆಂದು ಮೇಷ್ಟ್ರು ತಂದಿಟ್ಟುಹೋಗಿದ್ದ ಚಹಾ ಡಬ್ಬಿಯ ಮೇಲೆ ಚೀನಾದ ಹೆಂಗಸೊಬ್ಬಳ ಚಿತ್ರವಿತ್ತು. ಅವಳ ಕೊರಳ ಬಳಿ ದಾರದ ಗಂಟುಗುಂಡಿಗಳಿದ್ದವು. ಸೀರೆಗೆ ಕುಚ್ಚು ಕಟ್ಟುವ ಕೈ ಅವಳದು, ನೋಡಿದ್ದೇ ಗಂಟು ಹಾಕಿದಳು. ಆ ದೇಶದ್ದೊಂದು, ಈ ದೇಶದ್ದೊಂದು, ನಮ್ಮ ಮದುವಣಗಿತ್ತಿಯ ಅಂಚು, ಎಲ್ಲ ಸೇರಿ ಯಾರೂ ಎಲ್ಲೂ ಕಾಣದ ಹೊನ್ನೆಳೆಯೊಬ್ಬಳು ಮೇಜಿನ ಮೇಲೆ ತಲೆಯಿಲ್ಲದೆ ಮಲಗಿದಳು.

ಕೊರಳಪಟ್ಟಿಯೊಂದು ಮಾತ್ರ ನಿಲ್ಲಲಿಲ್ಲ. ಒಳಗಿಡುವ ಬಿರುಸು ಬಟ್ಟೆ ಮುಗಿದುಹೋಗಿತ್ತು. ಅಷ್ಟರಲ್ಲಿ ಸಹನ, "ಹುಕ್ಕು ಡ್ರಾದಾಗವಾ ದೊಡ್ಡವ್ವ? ತತ್ತೀನಿ ತಡಿ" ಎಂದು ಮಿಷಿನ್ ಕಡೆ ಬಂದಳು. ಮಂಚಮ್ಮ ಡ್ರಾಗೆ ಅಡ್ಡ ನಿಂತಳು. "ಬ್ಯಾಡ, ನಾನೇ ತಕ್ಕೊತೀನಿ, ನೀನು ಸಾರಿಗೆ ಒಗ್ಗರಣೆ ಹಾಕೋಗು" ಎಂದು ಅಟ್ಟಿದಳು. ಹುಡುಗಿ ಒಳಗೆ ಹೋದದ್ದೇ ತಡ, ಆ ನೀಲಿ ಕಾಗದವನ್ನು ಉದ್ದಕ್ಕೆ ಮಡಿಸಿ, ಕೊರಳಪಟ್ಟಿಯೊಳಗೆ ತೂರಿಸಿ, ಸುತ್ತ ಹೊಲಿಗೆ ಓಡಿಸಿಬಿಟ್ಟಳು. ಪಟ್ಟಿ ನೆಟ್ಟಗೆ ನಿಂತಿತು. ಇನ್ನು ಯಾರೂ ಹುಡುಕುವಂತಿಲ್ಲ.

ಕಡೆಗೆ ಇಸ್ತ್ರಿ ಹಾಕಿದಳು. ಪೆಟ್ಟಿಗೆ ಚೆನ್ನಾಗಿ ಕಾದಿತ್ತು. ಎಳೆದ ಕಡೆಯೆಲ್ಲ ಸುಕ್ಕು ಹೋಯಿತು. ಆದರೆ ಹಿಂದೆಯೇ ಅಂಗೈ ಇಟ್ಟು ನೋಡಿದರೆ ಬಟ್ಟೆ ತಣ್ಣಗಿತ್ತು, ಬಾವಿಗೋಡೆ ಮುಟ್ಟಿದ ಹಾಗೆ.

ಅಂಗಿ ತೊಡಿಸಿ ನೋಡಿದ್ದು ಮಟಮಟ ಮಧ್ಯಾಹ್ನ. ಸಹನ ಒಳಮನೆಯಿಂದ ತೊಟ್ಟು ಬಂದಳು. ಎಲ್ಲೂ ಹಿಡಿದಿರಲಿಲ್ಲ, ಎಲ್ಲೂ ಸಡಿಲವಿರಲಿಲ್ಲ. ತಿರುಗು ಎಂದಳು ಮಂಚಮ್ಮ. ಹುಡುಗಿ ತಿರುಗಿ, ಬಾಗಿಲ ಚೌಕಟ್ಟಿಗೆ ಒರಗಿ, ನಡುಪಟ್ಟಿಯ ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ಆಮೇಲೆ ಮಿಷಿನ್ನಿನ ಕಡೆ ನೋಡಿ ನಕ್ಕಳು.

"ನಿನ್ ಕುದ್ರೆ ಇನ್ನೂ ಓಡ್ತಾ ಅದಾ ಅಕ್ಕಾ?"

ಮಂಚಮ್ಮ ಬಾಯಲ್ಲಿ ಹಿಡಿದಿದ್ದ ಗುಂಡುಪಿನ್ನುಗಳು ನೆಲಕ್ಕೆ ಉದುರಿದವು. ಸೆರಗಿನ ತುದಿಯನ್ನು ಹಾಗೆ ಹೆಬ್ಬೆರಳಿಗೆ ಸುತ್ತುತ್ತಿದ್ದವಳು, ಹೊಲಿಗೆ ಮಿಷಿನ್ನನ್ನು ಕುದುರೆ ಎನ್ನುತ್ತಿದ್ದವಳು ಮಾದಮ್ಮ ಒಬ್ಬಳೇ. ಆ ಮಾತು ಅವಳ ಜೊತೆಗೇ ಮಣ್ಣಿಗೆ ಹೋಗಿತ್ತು. ಈ ಮನೆಯಲ್ಲಿ ಅದನ್ನು ಯಾರೂ ಮತ್ತೆ ಆಡಿರಲಿಲ್ಲ.

"ಏನಂದೆ ಮಗ?"

ಸಹನ ಕಣ್ಣು ಪಿಳುಕಿಸಿದಳು. "ಏನು? ನಾನೇನೂ ಅನ್ನಲಿಲ್ವಲ್ಲ ದೊಡ್ಡವ್ವ. ಯಾಕೋ ಚಳಿ ಆಯ್ತದೆ. ಬಿಚ್ಲಾ?"

ಅವಳು ಬಿಚ್ಚಿಕೊಟ್ಟ ಮೇಲೆ ಮಂಚಮ್ಮ ಅಳತೆ ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಗಲಲ್ಲಿ ಹಸಿರು ದಾರದ ತೇಪೆ. ಅದು ಸಹನಳದಾಗಿರಲಿಲ್ಲ, ಮಾದಮ್ಮನದು. ಯಾವ ಕಾಲದಿಂದಲೋ ಆ ಗಂಟಿನಲ್ಲೇ ಇತ್ತು. ಮಾದಮ್ಮ ಕಡ್ಡಿಯಂಥವಳು. ಸಹನ ಅಪ್ಪನ ಹಾಗೆ ಎತ್ತರ, ಅಗಲ ಭುಜ. ಆ ಅಳತೆಯ ಅಂಗಿ ಇವಳ ಮೈಗೆ ಹತ್ತುವುದೇ ಸಾಧ್ಯವಿರಲಿಲ್ಲ. ಆದರೂ ಹತ್ತಿತ್ತು.

ಅವತ್ತೇ ಅದನ್ನು ಬಿಚ್ಚಿ ಹಾಕಬೇಕಿತ್ತು. ಹಾಕಲಿಲ್ಲ. ಹೆದರಿಕೆಯಾಗಿರಲಿಲ್ಲವೇ? ಆಗಿತ್ತು. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದಿತ್ತು. ಎಷ್ಟು ವರ್ಷವಾಗಿತ್ತು, ಯಾರಾದರೂ ಅವಳನ್ನು ಅಕ್ಕಾ ಎಂದು ಆ ರಾಗದಲ್ಲಿ ಕರೆದು!

ಮರುದಿನ ಅವಳೇ ಕರೆದಳು: "ಬಾ ಮಗ, ತೋಳು ಸ್ವಲ್ಪ ಉದ್ದವೇನೋ, ಇನ್ನೊಂದ್ಕಿತ ಹಾಕು." ತೋಳು ಉದ್ದವಿರಲಿಲ್ಲ. ಹುಡುಗಿ ತೊಟ್ಟಳು. ಸ್ವಲ್ಪ ಹೊತ್ತಿಗೆ ಹೆಬ್ಬೆರಳಿಗೆ ಪಟ್ಟಿ ಸುತ್ತಿತು. ಅಕ್ಕತಂಗಿಯರು ಮಾತಿಗೆ ಕೂತರು. ಚಿಕ್ಕಂದಿನಲ್ಲಿ ಹೊಸಹೊಳಲಿನ ಗುಡಿಯ ಕಲ್ಲಿನ ಆನೆಗಳ ಮೇಲೆ ಕೈಯಾಡಿಸಿಕೊಂಡು ಸುತ್ತು ಬಂದದ್ದು, ಅಲ್ಲಿ ಸರ ಕಳೆದುಕೊಂಡು ಅವ್ವನಿಂದ ಒದೆ ತಿಂದದ್ದು, ಎಲ್ಲಾ. ಹುಡುಗಿಗೆ ಗೊತ್ತಿರಲು ದಾರಿಯೇ ಇಲ್ಲದ ಮಾತುಗಳು. ಪಕ್ಕದ ಮನೆ ಕುಳ್ಳಮ್ಮ ಮಜ್ಜಿಗೆ ಚೊಂಬು ಹಿಡಿದು ಬಂದವಳು ಬಾಗಿಲಲ್ಲೇ, ಅಂಗಿ ತೊಟ್ಟ ಹುಡುಗಿಯ ಬೆನ್ನು ನೋಡಿ, "ಅಯ್ಯೋ ಮಾದೀ!" ಎಂದು ಚೊಂಬು ಬಿಟ್ಟಳು. ಆಮೇಲೆ ಸುಧಾರಿಸಿಕೊಂಡು ಮಂಚಮ್ಮನ ಕಿವಿಯಲ್ಲಿ, "ಲೇ ಮಂಚಿ, ಸಾಕಿದ ಕೂಸ್ನ ಏನ್ ಮಾಡ್ತಾ ಇದ್ದೀಯೇ? ಅದ್ರ ಮೊಕ ನೋಡು. ಸುಣ್ಣ ಬಳ್ದಂಗಾಗದೆ" ಎಂದು ಗದರಿ ಹೋದಳು.

ಮುಖ ಬಿಳಿಚಿದ್ದು ನಿಜ. ಅಂಗಿ ಬಿಚ್ಚಿದ ಮೇಲೂ ಸಹನ ಕೈಕಾಲು ತಣ್ಣಗಿಟ್ಟುಕೊಂಡು ಮೂಲೆಯಲ್ಲಿ ಕೂರತೊಡಗಿದಳು. ಮುದ್ದೆ ಅರ್ಧಕ್ಕೇ ಬಿಡುತ್ತಿದ್ದಳು. ಪೋಸ್ಟ್ ಬಂತಾ ಎಂದು ಕೇಳುವುದನ್ನೂ ನಿಲ್ಲಿಸಿಬಿಟ್ಟಳು. ಮೊದಮೊದಲು ಅದು ಮಂಚಮ್ಮನಿಗೆ ಹಿತವಾಗಿಯೇ ಇತ್ತು. ಆಮೇಲೆ ಒಂದು ದಿನ ದೊಡ್ಡವ್ವ ತಾನಾಗಿಯೇ ಹೇಳಿದಳು: "ಭದ್ರಾವತಿ ಮಾತು ಎತ್ತಲೇ ಇಲ್ವಲ್ಲ ನೀನು."

"ಭದ್ರಾವತೀಲಿ ಯಾರವ್ರೆ?" ಎಂದಳು ಸಹನ. ಅಂಗಿ ಮೈಮೇಲಿರಲಿಲ್ಲ. ಗೂಟದಲ್ಲಿ ತೂಗುತ್ತಿತ್ತು. ಗಾಳಿಯಿಲ್ಲದೆಯೂ ಅದರ ತೋಳು ಮೆಲ್ಲಗೆ ಆಡುತ್ತಿತ್ತು.

ಅವತ್ತೇ ಮಂಚಮ್ಮ ಹುಡುಗಿಯನ್ನು ಕರೆದಳು. ಅಂಗಿ ತೊಡಿಸಿ, ಎದುರಿಗೆ ಕೂತು, ನೇರವಾಗಿಯೇ ಕೇಳಿದಳು: "ಮಾದಿ, ಯಾಕವ್ವ ಬಂದೆ?"

"ನನ್ ಸೀರೆ ನಂಗೆ ಕೊಡ್ದೇ ಕಳಿಸ್ದಲ್ಲಕ್ಕಾ." ಮಾತಿನಲ್ಲಿ ಕೋಪವಿರಲಿಲ್ಲ. "ಬೆತ್ತಲೆ ಇದ್ದಂಗದೆ ಅಲ್ಲಿ. ಈಗ ಸಿಕ್ತು. ಓಗ್ತೀನಿ."

"ಅಂಗಾದ್ರೆ ಓಗವ್ವ. ಸೀರೆ ತಕ್ಕೊಂಡೋಗು."

"ಸೀರೆ ಒಳಗಿರೋದು?" ಎಂದು ಸಹನಳ ಎದೆ ಮುಟ್ಟಿಕೊಂಡು ನಕ್ಕಳು ಅವಳು. ಮಂಚಮ್ಮನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಹುಕ್ಕು ಬಿಚ್ಚಲು ಹೋದರೆ ಬೆರಳು ಮರಗಟ್ಟಿ ಹಿಡಿತಕ್ಕೇ ಸಿಗಲಿಲ್ಲ. ಹುಡುಗಿ ತಾನಾಗಿ ಬಿಚ್ಚಿಕೊಟ್ಟಾಗಲಷ್ಟೇ ಬಂತು. ಒಲೆಗೆ ಹಾಕೋಣವೆಂದರೆ, ಒಳಗೆ ತಂಗಿಯೂ ಇದ್ದಾಳೆ, ಮಗಳೂ ಇದ್ದಾಳೆ, ಯಾರನ್ನು ಸುಟ್ಟಂತಾಗುತ್ತದೋ ಎಂಬ ದಿಗಿಲು. ನಾಟಕದ ಹಿಂದಿನ ದಿನ ಬಂದೇಬಿಟ್ಟಿತು. ಅಂಗಿಯನ್ನು ಪೆಟ್ಟಿಗೆಯಲ್ಲಿಟ್ಟು, ಸಹನಳ ಕೈ ಹಿಡಿದು ಶ್ರೀರಂಗಪಟ್ಟಣದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಕೈಗೆ ಬಿಸಿ ಹತ್ತಲಿಲ್ಲ.

ಸಮುದಾಯ ಭವನದಲ್ಲಿ ಮಧ್ಯಾಹ್ನ ಬಟ್ಟೆ ಹಾಕಿಕೊಂಡು ಕಡೇ ತಾಲೀಮು. ಜಪಾನ್ ಸಾಹೇಬರೂ, ಮಗನನ್ನು ನೋಡಿಕೊಂಡು ಹೋಗಲು ಬಂದಿದ್ದ ಅವರ ತಾಯಿಯೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಫುಮಿಕೊ ಎಂದು ಆಕೆಯ ಹೆಸರು. ಗುಬ್ಬಿಯಂಥ ಮುದುಕಿ. ಪಾಳೇಗಾರನ ಪಾತ್ರದವನು ತೊದಲಿದಾಗಲೂ ನಗುನಗುತ್ತಾ ತಲೆಯಾಡಿಸುತ್ತಿದ್ದಳು.

ಹೊನ್ನೆಳೆ ರಂಗಕ್ಕೆ ಬಂದಳು. ಮುದುಕಿಯ ನಗು ನಿಂತುಹೋಯಿತು.

ಮೇಷ್ಟ್ರು ಹಾರ್ಮೋನಿಯಂ ಎಳೆದರು. "ಹೇಳಮ್ಮ. 'ದೊರೆಯೇ, ನಿಮ್ಮ ನಾಡಿಗೆ ನಾನು ನೂಲಿನ ಬೆಳಕು ತಂದಿದ್ದೇನೆ.' ಹೇಳು."

ಹೊನ್ನೆಳೆ ದೊರೆಯ ಕಡೆ ನೋಡಲಿಲ್ಲ. ಪರದೆಯ ಪಕ್ಕ ನಿಂತಿದ್ದ ಮಂಚಮ್ಮನ ಕಡೆ ನೋಡಿ ಹೇಳಿದಳು: "ನಾನು ನನ್ ಕೂಸ್ನ ಕರ್ಕೊಂಡೋಗಾಕೆ ಬಂದೆ."

"ಅದು ಇಲ್ಲ ಕಣಮ್ಮ ನಾಟ್ಕದಲ್ಲಿ!" ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. "ಯಾವ ಕೂಸು? ಇನ್ನೂ ಮದ್ವೇನೇ ಆಗಿಲ್ಲ ನಿಂಗೆ!"

ಎಲ್ಲರೂ ಗೊಳ್ಳೆಂದರು. ಆ ನಗುವಿನ ನಡುವೆಯೇ ಮುದುಕಿ ಎದ್ದು, ಯಾರನ್ನೂ ಕೇಳದೆ, ಮಗನ ಕೈ ಕೊಡವಿಕೊಂಡು ರಂಗದ ಮೆಟ್ಟಿಲು ಹತ್ತಿದಳು. ಸಹನಳ ಮುಂದೆ ನಿಂತು ತನ್ನ ದೇಶದ ಮಾತಿನಲ್ಲಿ ಮೆತ್ತಗೆ ಏನೋ ಹೇಳಿದಳು, ಮಗುವಿಗೆ ಹೇಳುವಂತೆ. ಕೆಂಪಂಚಿನ ಪಟ್ಟಿ ಬಿಚ್ಚಿದಳು. ಮಂಚಮ್ಮನ ಬೆರಳಿಗೆ ಸಿಗದ ಹುಕ್ಕುಗಳು ಆ ಮುದುಕಿಯ ಬೆರಳಿಗೆ ಒಂದೊಂದಾಗಿ ಸಿಕ್ಕವು. ಮೇಲಿದ್ದ ಬಲ ಮಡಿಕೆಯನ್ನು ಒಳಗೆ ಸರಿಸಿ, ಒಳಗಿದ್ದ ಎಡ ಮಡಿಕೆಯನ್ನು ಅದರ ಮೇಲೆ ತಂದು, ಅಂಗೈಯಿಂದ ಸವರಿ, ಪಟ್ಟಿಯನ್ನು ಮತ್ತೆ ಬಿಗಿದಳು.

ಸಾಹೇಬರು ಕೆಳಗಿನಿಂದಲೇ ತಮಗೆ ಬಂದಷ್ಟು ಕನ್ನಡದಲ್ಲಿ ಹೇಳಿದರು: "ನಮ್ಮ ಊರು, ಎಡ ಮೇಲೆ, ಬದುಕು. ಬಲ ಮೇಲೆ, ಬಿಳಿ ಬಟ್ಟೆ... ಸತ್ತ ಜನಕ್ಕೆ. ಅಮ್ಮ ಹೆದರಿತು."

ಭವನದಲ್ಲಿ ಯಾರೂ ನಗಲಿಲ್ಲ. ಸಹನ ನೀರಿನಿಂದ ಮೇಲೆದ್ದವಳಂತೆ ದೀರ್ಘವಾಗಿ ಉಸಿರೆಳೆದಳು. ಅಂಗಿ ಭುಜದಲ್ಲಿ ಚರಕ್ಕೆಂದಿತು. ಎಲ್ಲ ಕಡೆ ಬಿಗಿಯಾಗಿ ಹಿಡಿದುಕೊಂಡಿತು, ಆ ಅಳತೆಗೆ ಅವಳ ಮೈಯನ್ನು ಎಷ್ಟು ಹಿಡಿಯಬೇಕಿತ್ತೋ ಅಷ್ಟು.

"ದೊಡ್ಡವ್ವ," ಎಂದಳು. "ಹೊಟ್ಟೆ ಹಸೀತಾ ಅದೆ."

ಮಂಚಮ್ಮ ಮುದುಕಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಸಹನಳನ್ನು ಹಿಂದಿನ ಕೋಣೆಗೆ ಕರೆತಂದು, ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನಿಸಿದಳು. ಹುಡುಗಿ ಬಕಬಕನೆ ತಿಂದಳು. ಕೈ ಬೆಚ್ಚಗಾಗಿತ್ತು. ತಿಂದು ಮುಗಿದ ಮೇಲೆ ಕೇಳಿದಳು: "ಅಪ್ಪನ್ ಕಾಗ್ದ ಬಂತಾ ದೊಡ್ಡವ್ವ?"

ಮಂಚಮ್ಮ ಅಂಗಿ ತೆಗೆಸಿ ಮಡಿಲಲ್ಲಿಟ್ಟುಕೊಂಡು, ಬ್ಲೇಡಿನಿಂದ ಕೊರಳಪಟ್ಟಿಯ ಹೊಲಿಗೆ ಬಿಡಿಸತೊಡಗಿದಳು. ನೀಲಿ ಕಾಗದ ಹೊರಗೆ ಬಂತು. ಅಂಚಿನುದ್ದಕ್ಕೂ ಸೂಜಿಯ ಸಣ್ಣ ತೂತುಗಳ ಸಾಲು.

ಸಹನ ತನ್ನ ಅಕ್ಷರ ತಾನು ನೋಡಿದಳು. "ನನ್ ಕತ್ತಲ್ಲೇ ಇತ್ತಾ?"

"ಊಂ ಕಣವ್ವ. ನಾನು ಹಾಕ್ಲಿಲ್ಲ. ನೀನು ಓಗ್ಬುಟ್ರೆ ನಂಗ್ಯಾರು ಅಂತ..."

ಹುಡುಗಿ ಗೋಡೆ ಕಡೆ ಮುಖ ಮಾಡಿದಳು. ಭುಜ ಅಲುಗಿತು. ಮಂಚಮ್ಮ ಮುಟ್ಟಲು ಹೋಗಲಿಲ್ಲ, ಕಾದಳು. ಕಡೆಗೆ, ತಿರುಗದೆಯೇ ಹೇಳಿದಳು ಸಹನ: "ಇವತ್ತೇ ಹಾಕು. ಹೊತ್ತು ಮುಳುಗಾಕ್ ಮೊದ್ಲು."

"ಹಾಕ್ತೀನಿ. ಆಮ್ಯಾಕೆ ಬಂದು ಅಂಗಿ ತಿದ್ದುತೀನಿ. ಎಡ ಮೇಲೆ ಬರೋ ಅಂಗೆ, ನಿನ್ನಳತೆಗೆ. ನಾಟ್ಕ ಮುಗೀಲಿ, ಅದನ್ನ ಹೊಳೆಗೆ ಬುಟ್ಬುಡನ. ಯಾರ್ದೋ ಅವ್ರಿಗೆ ಸೇರ್ಲಿ."

ಮೇಷ್ಟ್ರ ಪೆನ್ನು ಇಸಿದುಕೊಂಡು, ಕಾಗದದ ಹಿಂಬದಿಯಲ್ಲಿ ಖಾಲಿ ಉಳಿದಿದ್ದ ಮೂಲೆಯಲ್ಲಿ, ರಾತ್ರಿ ಶಾಲೆಯಲ್ಲಿ ಕಲಿತ ಗುಂಡು ಅಕ್ಷರದಲ್ಲಿ ಬರೆದಳು: ತಡ ನನ್ನಿಂದ ಆಯಿತು. ಬೈಯಬೇಡ. ಅರ್ಜಿ ಬೇಗ ಹಾಕಿಸು. ಮಂಚಮ್ಮ.

ಅಂಚೆ ಡಬ್ಬವಿದ್ದ ರೈಲ್ವೆ ಸ್ಟೇಷನ್ ಕಡೆಗೆ ಒಬ್ಬಳೇ ನಡೆದಳು. ಬಿಸಿಲು ಹಳದಿಯಾಗಿ ಕೋಟೆ ಗೋಡೆಯ ಮೇಲೆ ಬಿದ್ದಿತ್ತು. ಬೀದಿಯಲ್ಲಿ ಜನ, ಸೈಕಲ್ಲು, ಕಬ್ಬಿನ ಗಾಡಿ ಎಲ್ಲ ಇತ್ತು. ಆದರೂ ಅವುಗಳ ನಡುವೆ ಬೆನ್ನಿನ ಹಿಂದೆಯೇ, ರೇಷ್ಮೆ ಒಂದಕ್ಕೊಂದು ಸವರಿದಂತೆ ಸರಸರ ಸದ್ದೊಂದು ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಬರುತ್ತಿತ್ತು.

ಕೆಂಪು ಡಬ್ಬದ ಹತ್ತಿರ ನಿಂತಳು. ಸದ್ದೂ ನಿಂತಿತು.

"ಅಕ್ಕಾ," ಎಂದಿತು, ತೀರಾ ಹತ್ತಿರದಲ್ಲಿ, ಅದೇ ರಾಗದಲ್ಲಿ.

ಮಣ್ಣು ಮಾಡಿ ಬರುವವರು ತಿರುಗಿ ನೋಡಬಾರದು. ಅವತ್ತು ಮಾದಮ್ಮನನ್ನು ಮಣ್ಣು ಮಾಡಿ ಬರುವಾಗ ಮಂಚಮ್ಮ ತಿರುಗಿ ನೋಡಿದ್ದಳು. ಇವತ್ತು ನೋಡಲಿಲ್ಲ. ಕಾಗದದ ಅಂಚಿನ ಸೂಜಿ ತೂತುಗಳ ಮೇಲೆ ಒಮ್ಮೆ ಬೆರಳಾಡಿಸಿ, ಡಬ್ಬದ ಬಾಯಿಯೊಳಗೆ ಕೈ ತೂರಿಸಿ, ಬಿಟ್ಟಳು.